ಅವಧಾನ ಕೊರತೆಯ ಮಗು ತನ್ನನ್ನು ಕಾಣುವ ಬಗೆ: ವರ್ತನಾ ಚಿಕಿತ್ಸೆಯಲ್ಲಿ ಶಿಕ್ಷಕರ ಪಾತ್ರ



ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಸಿಗುತ್ತದೆ. ಅದೇ ಹೆಸರಿನ ಮೀಸಲು ಅರಣ್ಯ ಊರಿನ ಹೊಲಗಳಿಗೆ ಹತ್ತಿಕೊಂಡೇ ಇದೆ. ಈ ಸೀಮೆಯ ಒಂದು ಕನ್ನಡ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆಂದು ಭಾವಿಸಿರಿ. ಇವನು ವಿಷಯವನ್ನು ತಿಳಿಯುವುದಕ್ಕಾಗಿ ಕಲ್ಪಿಸಿಕೊಂಡ ಹುಡುಗ. ಆದರೂ ಇಂಥವನನ್ನು ಒಮ್ಮೆಯೂ ಕಾಣದ ಶಿಕ್ಷಕರು ವಿರಳ. ಪಾಠ ಆರಂಭವಾಗಿ ಐದು ನಿಮಿಷ ಕಳೆಯುವುದರೊಳಗೆ ಇವನ ಕಣ್ಣು ಕಿಟಕಿಯಾಚೆ ಹೋಗಿರುತ್ತದೆ. ಬಳಪ ಬೀಳುತ್ತದೆ, ಅದನ್ನು ಹುಡುಕುವ ನೆಪದಲ್ಲಿ ಇವನು ಇನ್ನೊಬ್ಬನ ಚೀಲದೊಳಗೆ ಕೈ ಹಾಕಿರುತ್ತಾನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಆ ಉತ್ತರ ಬಹುಪಾಲು ಬೇರೆಯೇ ಪ್ರಶ್ನೆಯದಾಗಿರುತ್ತದೆ.

ಪರೀಕ್ಷೆ ಮುಗಿಸಿ ಹೊರಬಂದ ಇವನನ್ನು ಹೇಗೆ ಬರೆದೆ ಎಂದು ಕೇಳಿದರೆ, “ಎಲ್ಲ ಸರಿಯಾಗಿ ಬರೆದಿದ್ದೇನೆ ಸಾರ್, ನೂರಕ್ಕೆ ನೂರು” ಎನ್ನುತ್ತಾನೆ. ಉತ್ತರಪತ್ರಿಕೆಯನ್ನು ತೆರೆದರೆ ಅರ್ಧಕ್ಕರ್ಧ ಪುಟ ಖಾಲಿ. “ನಿನ್ನ ಜೊತೆ ಯಾರೂ ಆಡುವುದಿಲ್ಲವಲ್ಲ” ಎಂದರೆ, “ಎಲ್ಲರೂ ನನ್ನ ಸ್ನೇಹಿತರೇ” ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಶಿಕ್ಷಕರಿಗೆ ನೆನಪಾಗುತ್ತದೆ. ಇದು ಸುಳ್ಳು, ಇಲ್ಲವೇ ಸೊಕ್ಕು ಎಂದು ಅವರು ತೀರ್ಮಾನಿಸುತ್ತಾರೆ. ಇವನ ಅಹಂಕಾರವನ್ನು ತಗ್ಗಿಸಬೇಕೆಂದು ತರಗತಿಯ ಮುಂದೆ ಅಂಕಗಳನ್ನು ಗಟ್ಟಿಯಾಗಿ ಓದುತ್ತಾರೆ. ಮಕ್ಕಳು ನಗುತ್ತಾರೆ. ಹುಡುಗನೂ ನಗುತ್ತಾನೆ. ಮರುದಿನ ಅವನ ವರ್ತನೆ ಇನ್ನಷ್ಟು ಕೆಡುತ್ತದೆ.

ಈ ಹುಡುಗನ ಮಾತು ಸುಳ್ಳೇ, ಸೊಕ್ಕೇ, ಅಥವಾ ಬೇರೇನಾದರೂ ಇದೆಯೇ ಎಂಬುದು ಇಂದಿನ ಉಪನ್ಯಾಸದ ಪ್ರಶ್ನೆ. ಶಿಕ್ಷಕರು ಇದಕ್ಕೆ ಕಂಡುಕೊಳ್ಳುವ ಉತ್ತರವನ್ನು ಅನುಸರಿಸಿ ಚಿಕಿತ್ಸೆಯ ದಾರಿ ಬದಲಾಗುತ್ತದೆ.

ಮೊದಲಿಗೆ ತೊಂದರೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಇದು ಮೊಬೈಲ್ ಫೋನಿನ ಕಾಲದಲ್ಲಿ ಹುಟ್ಟಿದ ಸಮಸ್ಯೆಯೆಂಬ ಭಾವನೆ ಅನೇಕರಲ್ಲಿದೆ. ಆದರೆ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ತಮ್ಮ ಉಪನ್ಯಾಸಗಳಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮ ವರ್ತನೆಯನ್ನು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದ್ದರು. ಇಂದು ವೈದ್ಯರು ಇದನ್ನು ಅವಧಾನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಸಂಕ್ಷೇಪವಾಗಿ ಎ.ಡಿ.ಎಚ್.ಡಿ., ಎಂದು ಕರೆಯುತ್ತಾರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಇದರಲ್ಲಿ ಅನುವಂಶಿಕತೆಯ ಪಾಲು ಹೆಚ್ಚು. ತಾಯಿ ಮುದ್ದು ಮಾಡಿದ್ದರಿಂದಲೋ ತಂದೆ ಹೊಡೆಯದಿದ್ದುದರಿಂದಲೋ ಇದು ಬರುವುದಿಲ್ಲ. ಜಗತ್ತಿನ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ನೂರಕ್ಕೆ ಐದು ಮಕ್ಕಳಲ್ಲಿ ಇದು ಕಂಡುಬಂದಿದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು ಇರಬಹುದು.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಐದನೆಯ ಕೈಪಿಡಿಯು ಅವಧಾನ ಕೊರತೆಗೆ ಒಂಬತ್ತು ಲಕ್ಷಣಗಳನ್ನೂ ಅತಿಚಟುವಟಿಕೆ ಹಾಗೂ ದುಡುಕಿಗೆ ಇನ್ನೊಂಬತ್ತು ಲಕ್ಷಣಗಳನ್ನೂ ಹೇಳುತ್ತದೆ. ಮಗುವಿನಲ್ಲಿ ಯಾವುದಾದರೂ ಒಂದು ಗುಂಪಿನ ಆರು ಲಕ್ಷಣಗಳಾದರೂ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಇರಬೇಕು. ಹನ್ನೆರಡು ವರ್ಷ ವಯಸ್ಸಿಗೆ ಮುನ್ನ ಕಾಣಿಸಿಕೊಂಡಿರಬೇಕು. ಶಾಲೆ, ಮನೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಸದ್ದಿಲ್ಲದೆ ಕುಳಿತು ಎಲ್ಲೋ ಕಳೆದುಹೋಗಿರುವ ಮಗುವಿನಲ್ಲಿಯೂ ಈ ಕೊರತೆ ಇರಬಹುದು. ಯಾರಿಗೂ ತೊಂದರೆ ಕೊಡದ ಕಾರಣ ಇಂಥ ಹೆಣ್ಣುಮಕ್ಕಳು ಅನೇಕ ಬಾರಿ ಶಿಕ್ಷಕರ ಗಮನಕ್ಕೇ ಬರುವುದಿಲ್ಲ.

ರೋಗನಿರ್ಣಯ ವೈದ್ಯರ ಕೆಲಸ. ಶಿಕ್ಷಕರ ಕೆಲಸ ಗಮನಿಸಿ ಬರೆದಿಡುವುದು. ಅದರಲ್ಲಿಯೂ ಗಡಿನಾಡಿನ ಶಿಕ್ಷಕರು ದುಡುಕಬಾರದು. ಪ್ರತಿ ವರ್ಷ ರಾಗಿ ಕಾಳುಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಕಾಡುಗಳನ್ನು ಹಾದು ಆನೆಗಳು ಸಾನಮಾವಿನ ಕಾಡಿಗೆ ಬರುತ್ತವೆ. ಆ ದಿನಗಳಲ್ಲಿ ಹೊಲದ ಅಂಚಿನ ಮನೆಗಳಲ್ಲಿ ರಾತ್ರಿಯೆಲ್ಲ ಕಾವಲು, ಕೂಗು, ಪಟಾಕಿಯ ಸದ್ದು. ನಿದ್ದೆಗೆಟ್ಟ ಮಗು ಬೆಳಿಗ್ಗೆ ತರಗತಿಯಲ್ಲಿ ಚಡಪಡಿಸಿದರೆ ಅಥವಾ ತೂಕಡಿಸಿದರೆ ಅದಕ್ಕೆ ಕಾರಣ ಬೇರೆ. ಕುಯ್ಲು ಮುಗಿದ ಮೇಲೆ ಅದು ಸರಿಹೋಗುತ್ತದೆ. ಹಾಗೆಯೇ ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ಓಡಾಡುವ ಮಗು ಸೂಚನೆಯನ್ನು ಅನುಸರಿಸದಿದ್ದರೆ, ಸೂಚನೆ ಅದಕ್ಕೆ ಅರ್ಥವಾಯಿತೇ ಎಂದು ಮೊದಲು ನೋಡಬೇಕು. ಅದೇ ಸೂಚನೆಯನ್ನು ಮನೆಮಾತಿನಲ್ಲಿ ಹೇಳಿದಾಗ ಮಗು ಒಡನೆ ಮಾಡಿದರೆ ಕೊರತೆ ಅವಧಾನದ್ದಲ್ಲ. ಕಿವಿ ಸೋರುವ ಮಗು, ಹಲಗೆ ಕಾಣದ ಮಗು, ಹಸಿದ ಮಗು ಇವರೂ ಗಮನವಿಲ್ಲದವರಂತೆಯೇ ತೋರುತ್ತಾರೆ. ಇವೆಲ್ಲವನ್ನೂ ಪರಿಶೀಲಿಸಿದ ಮೇಲೂ ಎಲ್ಲ ಕಾಲದಲ್ಲಿ, ಎಲ್ಲ ಭಾಷೆಯಲ್ಲಿ, ಮನೆಯಲ್ಲಿಯೂ ಶಾಲೆಯಲ್ಲಿಯೂ ಒಂದೇ ಬಗೆಯ ತೊಂದರೆ ಉಳಿದಿದ್ದರೆ, ಆಗ ಮುಂದಿನ ಹೆಜ್ಜೆ ಇಡಬೇಕು.

ಇನ್ನು ನೂರಕ್ಕೆ ನೂರು ಎಂದ ಹುಡುಗನ ಮಾತಿಗೆ ಬರುವುದು ಯುಕ್ತ. ಮಗು ತನ್ನನ್ನು ಹೇಗೆ ಕಾಣುತ್ತದೆ ಎಂಬುದನ್ನು ಅಳೆಯಲು ಸೂಸನ್ ಹಾರ್ಟರ್ ಎಂಬ ಮನೋವಿಜ್ಞಾನಿ 1985ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಓದು, ಗೆಳೆತನ, ಆಟ, ರೂಪ, ನಡತೆ ಇವುಗಳಲ್ಲಿ ಮಗು ತನ್ನ ಬಗ್ಗೆ ಬೇರೆ ಬೇರೆಯಾಗಿ ಹೇಳುವಂತೆ ಅದರ ರಚನೆಯಿದೆ. ಒಂದೇ ಮಗು ಆಟದಲ್ಲಿ ತನ್ನನ್ನು ಗಟ್ಟಿಗನೆಂದೂ ಓದಿನಲ್ಲಿ ಹಿಂದುಳಿದವನೆಂದೂ ಭಾವಿಸಿರಬಹುದು. ಸ್ವಗ್ರಹಿಕೆ ಒಂದೇ ಮುದ್ದೆಯಲ್ಲ. ಬೆಟ್ಸಿ ಹೋಜಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಡುಗರ ಸ್ವಗ್ರಹಿಕೆಯನ್ನು ಅವರ ಬಗ್ಗೆ ಶಿಕ್ಷಕರು ಕೊಟ್ಟ ಅಭಿಪ್ರಾಯದೊಡನೆ ಹೋಲಿಸಿದರು. ಅವಧಾನ ಕೊರತೆಯ ಹುಡುಗರು ಇತರರಿಗಿಂತ ಹೆಚ್ಚಾಗಿ ತಮ್ಮನ್ನು ಮೇಲೆ ಎಣಿಸಿಕೊಂಡಿದ್ದರು. ಓದಿನಲ್ಲಿ ಹಿಂದಿದ್ದವರು ಓದಿನ ವಿಷಯದಲ್ಲಿ, ಜಗಳಗಂಟರು ಗೆಳೆತನ ಮತ್ತು ನಡತೆಯ ವಿಷಯದಲ್ಲಿ ಹೆಚ್ಚು ಉಬ್ಬಿಸಿ ಹೇಳಿದ್ದರು. ಎಲ್ಲಿ ಕೊರತೆ ಹೆಚ್ಚೋ ಅಲ್ಲಿಯೇ ಉತ್ಪ್ರೇಕ್ಷೆ ಹೆಚ್ಚು. ಮನಸ್ಸು ಕುಗ್ಗಿದ ಲಕ್ಷಣಗಳಿದ್ದ ಹುಡುಗರಲ್ಲಿ ಮಾತ್ರ ಈ ಉಬ್ಬು ಅಷ್ಟಾಗಿ ಇರಲಿಲ್ಲ.

ಇದು ಯಾಕೆ ಹೀಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ತನ್ನ ಕೆಲಸವನ್ನು ತಾನೇ ನಿಂತು ನೋಡಿ ತೂಗುವ ಶಕ್ತಿಯೂ ಈ ಮಕ್ಕಳಲ್ಲಿ ದುರ್ಬಲವಾಗಿರುತ್ತದೆ ಎಂಬುದು ಒಂದು. ಇನ್ನೊಂದು ಶಿಕ್ಷಕರಿಗೆ ಬಹಳ ಮುಖ್ಯವಾದದ್ದು. ಬೆಳಗಿನಿಂದ ಸಂಜೆಯವರೆಗೆ ತಪ್ಪನ್ನೇ ಕೇಳಿಸಿಕೊಳ್ಳುವ ಮಗು ತನ್ನನ್ನು ಉಳಿಸಿಕೊಳ್ಳಲು ಒಂದು ಗುರಾಣಿಯನ್ನು ಹಿಡಿಯುತ್ತದೆ. ದೊಡ್ಡ ಮಾತೇ ಆ ಗುರಾಣಿ. ಡೀನರ್ ಮತ್ತು ಮಿಲಿಚ್ ಎಂಬ ಸಂಶೋಧಕರು 1997ರಲ್ಲಿ ಇದನ್ನು ಪರೀಕ್ಷಿಸಿದರು. ಹುಡುಗರನ್ನು ಜೋಡಿಯಾಗಿ ಆಡಲು ಬಿಟ್ಟು, ಕೆಲವರಿಗೆ “ನಿನ್ನ ಜೊತೆಗಾರನಿಗೆ ನೀನು ಇಷ್ಟವಾದೆ” ಎಂದು ತಿಳಿಸಿದರು. ಇಂಥ ಮಾತು ಕೇಳಿದಾಗ ಸಾಮಾನ್ಯವಾಗಿ ಮಕ್ಕಳ ಆತ್ಮವಿಶ್ವಾಸದ ಅಂದಾಜು ಏರುತ್ತದೆ. ಅವಧಾನ ಕೊರತೆಯ ಹುಡುಗರಲ್ಲಿ ಅದು ಇಳಿದು ವಾಸ್ತವಕ್ಕೆ ಹತ್ತಿರವಾಯಿತು. ತಾನು ಒಪ್ಪಿತನಾಗಿದ್ದೇನೆ ಎಂದು ತಿಳಿದಾಗ ಗುರಾಣಿಯನ್ನು ಕೆಳಗಿಡುವುದು ಅವರಿಗೆ ಸಾಧ್ಯವಾಯಿತು ಎಂದು ಇದನ್ನು ಅರ್ಥೈಸಲಾಗಿದೆ. ಮುಂದಿನ ಅಧ್ಯಯನಗಳು ಗೆಳೆತನದ ವಿಷಯದಲ್ಲಿ ಇದನ್ನು ಹೆಚ್ಚಾಗಿ, ಓದಿನ ವಿಷಯದಲ್ಲಿ ಕಡಿಮೆಯಾಗಿ ಸಮರ್ಥಿಸಿವೆ.

ಇದರಿಂದ ತರಗತಿಗೆ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಮಗುವಿನ ಉತ್ಪ್ರೇಕ್ಷೆಯನ್ನು ಎಲ್ಲರೆದುರು ಒಡೆಯುವುದು ಮೊದಲನೆಯ ತಪ್ಪು. ಅಂಕಗಳನ್ನು ಗಟ್ಟಿಯಾಗಿ ಓದಿದ ಶಿಕ್ಷಕರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಅದು ಗುರಾಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವಂತೆ ಮಾಡಿತು. “ನೀನು ಬಹಳ ಬುದ್ಧಿವಂತ, ನಿನ್ನಂಥವರಿಲ್ಲ” ಎಂಬ ಪೊಳ್ಳು ಹೊಗಳಿಕೆ ಎರಡನೆಯ ತಪ್ಪು. ಮಗು ಅದನ್ನು ನಂಬಿದರೆ ಕಲಿಯುವ ಅಗತ್ಯವನ್ನು ಕಾಣುವುದಿಲ್ಲ. ನಂಬದಿದ್ದರೆ ಹೊಗಳಿದವರನ್ನು ನಂಬುವುದಿಲ್ಲ. ಇವೆರಡರ ನಡುವೆ ಒಂದು ದಾರಿಯಿದೆ. ಮಗುವಿನ ಸ್ವಭಾವದ ಬಗ್ಗೆ ತೀರ್ಪು ಕೊಡದೆ, ಅದು ಮಾಡಿದ ಕೆಲಸವನ್ನು ಅದಕ್ಕೇ ಎಣಿಸಿ ತೋರಿಸುವುದೇ ಆ ದಾರಿ. ವರ್ತನಾ ಚಿಕಿತ್ಸೆಯ ಸಾರವೂ ಇದೇ.

ವರ್ತನಾ ಚಿಕಿತ್ಸೆ ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ಅದರ ತತ್ತ್ವ ಸರಳ. ಯಾವ ವರ್ತನೆಯ ಬೆನ್ನಿಗೇ ಒಳ್ಳೆಯ ಫಲ ಸಿಗುತ್ತದೆಯೋ ಅದು ಬೆಳೆಯುತ್ತದೆ. ಅವಧಾನ ಕೊರತೆಯ ಮಗುವಿಗೆ ವರ್ಷದ ಕೊನೆಯ ಬಹುಮಾನ ಬಹಳ ದೂರದ್ದು. ಅದಕ್ಕೆ ಫಲ ಹತ್ತಿರದಲ್ಲಿ, ಪದೇ ಪದೇ, ಕಣ್ಣಿಗೆ ಕಾಣುವಂತೆ ಸಿಗಬೇಕು. ಅಮೆರಿಕದ ವಿಲಿಯಂ ಪೆಲ್ಹಾಮ್ ಇದೇ ತತ್ತ್ವದ ಮೇಲೆ 1980ರಲ್ಲಿ ಇಂಥ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನು ಆರಂಭಿಸಿದರು. ಅವರು ಮತ್ತು ಇತರರು ಬೆಳೆಸಿದ ದೈನಂದಿನ ವರದಿ ಚೀಟಿಯನ್ನು ಒಂದು ನೋಟ್ ಪುಸ್ತಕದ ಹಾಳೆಯಿದ್ದರೆ ಯಾವ ಶಾಲೆಯಲ್ಲಿಯೂ ನಡೆಸಬಹುದು.

ಸಾನಮಾವಿನ ಕಡೆಯ ಹುಡುಗನಿಗೆ ಅದನ್ನು ಅನ್ವಯಿಸುವ ಬಗೆ ಹೀಗೆ. ಶಿಕ್ಷಕರು ಮೊದಲ ಒಂದು ವಾರ ಏನನ್ನೂ ಬದಲಿಸದೆ ಎಣಿಸುತ್ತಾರೆ: ಕೊಟ್ಟ ಲೆಕ್ಕಗಳಲ್ಲಿ ಎಷ್ಟು ಮುಗಿಸಿದ, ಎಷ್ಟು ಸಲ ಕೈಯೆತ್ತದೆ ಕೂಗಿದ, ಬಿಡುವಿನ ಗಂಟೆಯ ನಂತರ ಎಷ್ಟು ಹೊತ್ತಿಗೆ ಒಳಗೆ ಬಂದ. ಆಮೇಲೆ ಮೂರು ಗುರಿಗಳನ್ನು ಹುಡುಗನ ಜೊತೆ ಕುಳಿತು ನಿಶ್ಚಯಿಸುತ್ತಾರೆ. “ಒಳ್ಳೆಯ ಹುಡುಗನಾಗಿರುವುದು” ಗುರಿಯಾಗಲಾರದು, ಅದನ್ನು ಎಣಿಸಲು ಬರುವುದಿಲ್ಲ. “ಐದು ಲೆಕ್ಕಗಳಲ್ಲಿ ಮೂರನ್ನು ಮುಗಿಸುವುದು” ಗುರಿಯಾಗಬಲ್ಲದು. ಮೊದಲ ದಿನಗಳಲ್ಲಿ ನಾಲ್ಕರಲ್ಲಿ ಮೂರು ಬಾರಿಯಾದರೂ ಗೆಲ್ಲುವಷ್ಟು ಗುರಿ ಸುಲಭವಾಗಿರಬೇಕು. ಈಗ ಎರಡು ಲೆಕ್ಕ ಮಾಡುವವನಿಗೆ ಮೂರು ಸಾಕು. ಐದು ಕೇಳಿದರೆ ಅದು ಇನ್ನೊಂದು ಸೋಲಾಗುತ್ತದೆ. ಮೂರು ಸ್ಥಿರವಾದ ಮೇಲೆ ನಾಲ್ಕು.

ಪ್ರತಿ ಪಾಠದ ಕೊನೆಯಲ್ಲಿ ಶಿಕ್ಷಕರು ಚೀಟಿಯಲ್ಲಿ ಗುರುತು ಹಾಕಿ, ನಡೆದದ್ದನ್ನು ಮೆಲುದನಿಯಲ್ಲಿ ಹೇಳುತ್ತಾರೆ: “ಇಂದು ಮೂರು ಲೆಕ್ಕ ಮುಗಿಸಿದೆ. ಎರಡನೆಯದರಲ್ಲಿ ತಪ್ಪಾದಾಗ ಅಳಿಸಿ ಮತ್ತೆ ಮಾಡಿದೆ.” ಈ ಮಾತಿನಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇಲ್ಲ, ಆದರೂ ಮಗುವಿಗೆ ತನ್ನ ಬಗ್ಗೆ ನಿಜವಾದ ಒಂದು ಸಂಗತಿ ಸಿಕ್ಕಿತು. ಗುರಿ ತಪ್ಪಿದ ದಿನ, “ಇಂದು ಒಂದು ಆಯಿತು, ನಾಳೆ ಹೊಸ ಚೀಟಿ” ಎಂದರೆ ಸಾಕು. ಹಳೆಯ ಚೀಟಿಯನ್ನು ತೆಗೆದು ಆಡಿಕೊಳ್ಳಬಾರದು, ಗಳಿಸಿದ ಗುರುತನ್ನು ಕಿತ್ತುಕೊಳ್ಳಬಾರದು.

ಚೀಟಿ ಸಂಜೆ ಮನೆಗೆ ಹೋಗುತ್ತದೆ. ತಂದೆ ಸಿಪ್ಕಾಟ್ ಕಾರ್ಖಾನೆಯ ರಾತ್ರಿ ಪಾಳಿಗೂ ತಾಯಿ ಗುಲಾಬಿ ತೋಟದ ಕೂಲಿಗೂ ಹೋಗುವ ಮನೆಯಲ್ಲಿ ಅದನ್ನು ನೋಡುವವರು ಅಜ್ಜಿಯೇ ಇರಬಹುದು. ಅವರಿಗೆ ಕನ್ನಡ ಅಕ್ಷರ ಬಾರದಿರಬಹುದು. ಆದ್ದರಿಂದ ಚೀಟಿಯಲ್ಲಿ ಬರಹಕ್ಕಿಂತ ಚಿತ್ರ ಮತ್ತು ಗೆರೆ ಹೆಚ್ಚಿರಲಿ: ಲೆಕ್ಕಕ್ಕೆ ಒಂದು ಪಾಟಿ, ಕೈಯೆತ್ತುವುದಕ್ಕೆ ಒಂದು ಕೈ, ಗಂಟೆಗೆ ಒಂದು ಗಂಟೆ. ಮೂರರಲ್ಲಿ ಎರಡಕ್ಕೆ ಗುರುತಿದ್ದರೆ ಆ ಸಂಜೆ ಒಂದು ಸಣ್ಣ ಸಂತೋಷ. ಅದಕ್ಕೆ ಹಣ ಬೇಕಿಲ್ಲ. ಅರ್ಧ ಗಂಟೆ ಹೆಚ್ಚು ಆಟ, ಒಂದು ಕಥೆ, ಅಪ್ಪನ ಸೈಕಲ್ಲಿನಲ್ಲಿ ಒಂದು ಸುತ್ತು ಆಗಬಹುದು. ಅಂದು ಸಂಜೆಯೇ ಕೊಡಬೇಕು ಎಂಬುದು ಮಾತ್ರ ಮುಖ್ಯ. ಗುರುತಿಲ್ಲದ ದಿನ ಆ ಸಂತೋಷ ಇರುವುದಿಲ್ಲ, ಅಷ್ಟೇ. ಬೈಗುಳ, ಏಟು ಸೇರಬಾರದು. ಚೀಟಿ ಏಟಿಗೆ ಕಾರಣವಾಗುವುದಾದರೆ ಮಗು ಅದನ್ನು ದಾರಿಯಲ್ಲೇ ಹರಿದು ಎಸೆಯುತ್ತದೆ, ಅದು ಸಹಜವೂ ಹೌದು. ಇದನ್ನು ಪೋಷಕರಿಗೆ ಮೊದಲೇ ತಿಳಿಸಬೇಕು.

ಎರಡು ಮೂರು ವಾರಗಳ ನಂತರ ಸ್ವಗ್ರಹಿಕೆಯನ್ನು ನೇರವಾಗಿ ಮುಟ್ಟುವ ಹೆಜ್ಜೆಯನ್ನು ಸೇರಿಸಬಹುದು. ಗುರುತು ಹಾಕುವ ಮುನ್ನ ಹುಡುಗನೇ ತನ್ನ ಅಂದಾಜನ್ನು ಬರೆಯಲಿ: ಎಷ್ಟು ಸಲ ಕೈಯೆತ್ತಿದೆ? ಶಿಕ್ಷಕರು ತಮ್ಮ ಎಣಿಕೆಯನ್ನು ಪಕ್ಕದಲ್ಲಿ ಬರೆಯುತ್ತಾರೆ. ಎರಡೂ ಹೊಂದಿದರೆ ಒಂದು ಹೆಚ್ಚಿನ ಗುರುತು. ಇಲ್ಲಿ ಫಲ ಸಿಗುವುದು ನಿಖರತೆಗೆ. “ಇಂದು ಎರಡೇ ಸಲ” ಎಂದು ಸರಿಯಾಗಿ ಹೇಳಿದವನಿಗೂ ಗುರುತು ದೊರೆಯುತ್ತದೆ. ಹೀಗೆ ತನ್ನ ಕೊರತೆಯನ್ನು ಒಪ್ಪಿಕೊಳ್ಳುವುದು ಅವಮಾನವಲ್ಲ ಎಂಬ ಅನುಭವ ಮಗುವಿಗೆ ಬಹುಶಃ ಮೊದಲ ಬಾರಿಗೆ ಆಗುತ್ತದೆ. ಹೊಂದಿಕೆ ಬಂದಂತೆಲ್ಲ ಶಿಕ್ಷಕರು ತಮ್ಮ ಎಣಿಕೆಯನ್ನು ವಿರಳಗೊಳಿಸಿ, ಮಗುವಿನ ಎಣಿಕೆಗೇ ಬಿಡುತ್ತಾರೆ.

ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸುವ ಶಾಲೆಗಳಲ್ಲಿ ಒಂದು ಮಗುವಿಗೆ ಇಷ್ಟು ಸಮಯ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ಇಡೀ ತರಗತಿಯನ್ನು ಒಳಗೊಳ್ಳುವ ಸನ್ನಡತೆಯ ಆಟ ನೆರವಾಗುತ್ತದೆ. 1969ರಲ್ಲಿ ಅಮೆರಿಕದಲ್ಲಿ ನಾಲ್ಕನೆಯ ತರಗತಿಯೊಂದರಲ್ಲಿ ಇದನ್ನು ಮೊದಲು ಪರೀಕ್ಷಿಸಿ ವರದಿ ಮಾಡಲಾಯಿತು. ಮಕ್ಕಳನ್ನು ಎರಡು ತಂಡಗಳಾಗಿ ಮಾಡಿ, ನಿಯಮ ಮುರಿದಾಗ ಆ ತಂಡಕ್ಕೆ ಹಲಗೆಯ ಮೇಲೆ ಒಂದು ಗೆರೆ. ನಿಗದಿಯಾದ ಮಿತಿಯೊಳಗೆ ಉಳಿದ ತಂಡ ಗೆಲ್ಲುತ್ತದೆ. ಎರಡೂ ಮಿತಿಯೊಳಗಿದ್ದರೆ ಎರಡೂ ಗೆಲ್ಲುತ್ತವೆ. ಮೊದಲು ದಿನಕ್ಕೆ ಹದಿನೈದು ನಿಮಿಷ ಸಾಕು. ಒಬ್ಬ ಹುಡುಗನಿಂದಲೇ ತಂಡ ಸೋಲುತ್ತಿದ್ದರೆ ಮಿತಿಯನ್ನು ಸಡಿಲಿಸಬೇಕು; ಅವನು ತಂಡಕ್ಕೆ ಶತ್ರುವಾಗಬಾರದು.

ಈ ಚಿಕಿತ್ಸೆಯ ಮಿತಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಮೆರಿಕದಲ್ಲಿ 579 ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ 14 ತಿಂಗಳು ಚಿಕಿತ್ಸೆ ಕೊಟ್ಟ ಅಧ್ಯಯನದ ಫಲಿತಾಂಶ 1999ರಲ್ಲಿ ಹೊರಬಂದಿತು. ಗಮನ ಮತ್ತು ಚಟುವಟಿಕೆಯ ಮೂಲ ಲಕ್ಷಣಗಳಲ್ಲಿ, ಎಚ್ಚರದಿಂದ ನಿರ್ವಹಿಸಿದ ಔಷಧವು ವರ್ತನಾ ಚಿಕಿತ್ಸೆಯೊಂದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎರಡನ್ನೂ ಸೇರಿಸಿದ ಗುಂಪಿನಲ್ಲಿ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಉಳಿದಿರಲಿಲ್ಲ. ಆದ್ದರಿಂದ ಔಷಧವನ್ನು ವಿಷವೆಂದು ಹೆದರಿಸುವುದೂ ತಪ್ಪು, ಚೀಟಿಯೊಂದರಿಂದ ತೊಂದರೆ ವಾಸಿಯಾಯಿತೆಂದು ಭರವಸೆ ಕೊಡುವುದೂ ತಪ್ಪು. ಚೀಟಿ ನಿಲ್ಲಿಸಿದ ಒಡನೆ ಹಳೆಯ ವರ್ತನೆ ಮರಳುವುದುಂಟು. ಕನ್ನಡಕ ತೆಗೆದರೆ ದೃಷ್ಟಿ ಮಸುಕಾಗುವಂತೆ ಅದು. ಅದನ್ನು ಮಗುವಿನ ಹಟವೆಂದು ತಿಳಿಯಬಾರದು. ತುಂಬ ಚಿಕ್ಕ ಮಕ್ಕಳಲ್ಲಿ, ಅಂದರೆ ನಾಲ್ಕೈದು ವರ್ಷದವರಲ್ಲಿ, ಪೋಷಕರಿಗೆ ತರಬೇತಿ ಕೊಟ್ಟು ವರ್ತನಾ ಕ್ರಮದಿಂದಲೇ ಆರಂಭಿಸಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯ ಸಲಹೆ. ಔಷಧ ಬೇಕೇ ಬೇಡವೇ ಎಂಬುದನ್ನು ವೈದ್ಯರು ಮತ್ತು ಪೋಷಕರು ನಿರ್ಧರಿಸುತ್ತಾರೆ.

ವೈದ್ಯರ ಬಳಿಗೆ ಕಳುಹಿಸುವ ದಾರಿಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಅವಧಾನ ಕೊರತೆಯೂ ಸೇರಿದೆ. ಶಾಲೆಗೆ ಬರುವ ಆ ತಂಡಕ್ಕೆ ಶಿಕ್ಷಕರು ತಮ್ಮ ಎಣಿಕೆಯ ಹಾಳೆಗಳನ್ನು ತೋರಿಸಬೇಕು. “ತುಂಬಾ ತುಂಟ” ಎಂಬ ಮಾತಿಗಿಂತ ಒಂದು ವಾರದ ಎಣಿಕೆ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಸೂರು ಸೀಮೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗವೂ ದೂರವಲ್ಲ. ನಿಮ್ಹಾನ್ಸ್ ಎಂದೊಡನೆ “ನಮ್ಮ ಮಗು ಹುಚ್ಚನೇ” ಎಂದು ಹೆದರುವ ತಾಯಿಗೆ, ಇದು ಓದಿಗೂ ಗಮನಕ್ಕೂ ಸಂಬಂಧಿಸಿದ ತಪಾಸಣೆ ಎಂದು ಆಕೆಯ ಮನೆಮಾತಿನಲ್ಲೇ ತಾಳ್ಮೆಯಿಂದ ತಿಳಿಸುವುದು ಶಿಕ್ಷಕರ ಕರ್ತವ್ಯ.

ಕೊನೆಯದಾಗಿ ಒಂದು ಮಾತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬೆತ್ತಕ್ಕೆ ಸಮರ್ಥನೆಯಾಗಿ ಬಳಸುವವರು ಇನ್ನೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತರಗತಿಯ ಮುಂದೆ ನಿಲ್ಲಿಸಿ ಅಂಕ ಓದುವುದು ಮಾನಸಿಕ ಹಿಂಸೆಗೆ ಬಹಳ ದೂರದ್ದಲ್ಲ. ದಡ್ಡ, ಪೋಲಿ, ಕೋತಿ ಎಂಬ ಹೆಸರುಗಳನ್ನು ದಿನವೂ ಕೇಳುವ ಮಗು ಕೆಲವು ವರ್ಷಗಳಲ್ಲಿ ಅವುಗಳಲ್ಲೊಂದನ್ನು ತನ್ನ ಹೆಸರೆಂದೇ ಒಪ್ಪಿಕೊಳ್ಳುತ್ತದೆ. ಆ ದಿನ ಬಂದಾಗ ಅದು “ನೂರಕ್ಕೆ ನೂರು” ಎನ್ನುವುದನ್ನು ನಿಲ್ಲಿಸುತ್ತದೆ. ಶಿಕ್ಷಕರಿಗೆ ಅದು ಸುಧಾರಣೆಯಂತೆ ಕಾಣಬಹುದು. ಆದರೆ ಅಷ್ಟರಲ್ಲಿ ಮಗು ಪ್ರಯತ್ನವನ್ನೇ ಬಿಟ್ಟಿರುತ್ತದೆ. ಮುಂದೆ ಶಾಲೆಯನ್ನೂ ಬಿಡುವ ಅಪಾಯವಿದೆ.

ಆ ಹುಡುಗ ಮುಂದಿನ ಪರೀಕ್ಷೆಯಲ್ಲಿಯೂ ಬಹುಶಃ ನೂರಕ್ಕೆ ನೂರು ಎಂದೇ ಹೇಳುತ್ತಾನೆ. ಆಗ ಶಿಕ್ಷಕರು ನಗದೆ, ಗದರದೆ, ಅವನನ್ನು ಪಕ್ಕಕ್ಕೆ ಕರೆದು, “ಬಾ, ಇಬ್ಬರೂ ಕೂಡಿ ಎಣಿಸೋಣ. ಎಷ್ಟು ಪ್ರಶ್ನೆಗೆ ಉತ್ತರ ಬರೆದಿದ್ದೀಯ?” ಎಂದು ಕೇಳಿದರೆ, ಚಿಕಿತ್ಸೆ ಆರಂಭವಾದಂತೆ. ಹತ್ತರಲ್ಲಿ ನಾಲ್ಕು ಎಂದು ಅವನೇ ಎಣಿಸಿ ಹೇಳಲಿ. ಹೋದ ಸಲ ಅದು ಮೂರಿದ್ದುದನ್ನು ಶಿಕ್ಷಕರು ಚೀಟಿ ತೆಗೆದು ತೋರಿಸಲಿ.